ಹೊಸಬರ ಕೈಗೆ ಮೊದಲ ಪಿಸ್ತೂಲು: ಆರಿಸುವುದು ಹೇಗೆ?

ಪುತ್ತೂರು ಜಾತ್ರೆಯ ಬೆಡಿ, ಅಂದರೆ ಸುಡುಮದ್ದು, ನೋಡಿ ಬೆಳೆದ ಮಕ್ಕಳಿಗೆ ಸದ್ದಿನ ಹೆದರಿಕೆ ಇರಲಿಕ್ಕಿಲ್ಲ ಎಂದು ನಾನು ಎಣಿಸಿದ್ದೆ. ಅದು ತಪ್ಪು. ದೂರ ನಿಂತು ಕೇಳುವ ಸದ್ದು ಬೇರೆ, ತನ್ನದೇ ಅಂಗೈಯ ಮುಂದೆ ಒಡೆಯುವ ಸದ್ದು ಬೇರೆ. ಹಲವು ವರ್ಷಗಳ ಹಿಂದೆ ಒಂದು ಶೂಟಿಂಗ್ ರೇಂಜಿನಲ್ಲಿ, ಲೈಸೆನ್ಸ್ ಇದ್ದ ಹಿರಿಯರೊಬ್ಬರ ಕಣ್ಣೆದುರು, ನನ್ನ ಅಕ್ಕನ ಮಗಳ ಕೈಗೆ .32 ರಿವಾಲ್ವರ್ ಕೊಟ್ಟೆವು. ಮೊದಲ ಗುಂಡು ಹಾಳೆಗೆ ತಾಗಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಎರಡನೆಯದಕ್ಕೆ ಅವಳು ಕಣ್ಣು ಮುಚ್ಚಿದಳು. ಮೂರನೆಯದರಿಂದ ಮುಂದೆ, ಗುಂಡು ಹೊರಡುವ ಮೊದಲೇ ಮಣಿಕಟ್ಟು ಕೆಳಗೆ ಬಾಗತೊಡಗಿತು. ಆಮೇಲೆ ಒಂದು ವರ್ಷ ಅವಳು ರೇಂಜಿನ ಕಡೆ ತಲೆ ಹಾಕಲಿಲ್ಲ. ಬಂದ ಮೇಲೂ, ಸದ್ದೇ ಇಲ್ಲದ ಗಾಳಿ ಪಿಸ್ತೂಲು ಹಿಡಿದರೂ, ಆ ಬಾಗು ಹೋಗಿರಲಿಲ್ಲ. ಅದನ್ನು ಬಿಡಿಸಲು ಒಂದಿಡೀ ಮಳೆಗಾಲ ಬೇಕಾಯಿತು.

ಹೊಸಬರಿಗೆ ಕಲಿಸುವ ಪಿಸ್ತೂಲನ್ನು ಆರಿಸುವಾಗ ನಾನು ಈಗ ಮೊದಲು ನೋಡುವುದು ಅದರ ನಿಖರತೆಯನ್ನಲ್ಲ. ಅದು ಕಲಿಯುವವರ ಕೈಗೆ ಕೂರುತ್ತದೆಯೇ, ಟ್ರಿಗರ್ ಅವರನ್ನು ಬೆಚ್ಚಿಬೀಳಿಸದೆ ಬಿಡುತ್ತದೆಯೇ ಎಂಬುದನ್ನು. ಮಂಗಳೂರು, ಉಡುಪಿ, ಮಣಿಪಾಲದ ಕಡೆ ಶಾಲೆ-ಕಾಲೇಜಿನ ಮಕ್ಕಳಿಗೆ ಕಲಿಸಲು ಹೊರಟವರಿಗೆ, ಇಲ್ಲವೇ ಮಗುವಿಗೆಂದು ಮೊದಲ ಪಿಸ್ತೂಲು ಕೊಳ್ಳಲು ಹೊರಟ ಅಪ್ಪ-ಅಮ್ಮಂದಿರಿಗೆ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಕ್ಯಾಲಿಬರ್ ತೀರ್ಮಾನ

ಕ್ಯಾಲಿಬರ್ ಅಥವಾ ಬೋರ್ ಎಂದರೆ ನಳಿಗೆಯ ಒಳಗಿನ ಅಗಲ. ನಮ್ಮ ಮುಂದೆ ಇರುವುದು ಎರಡೇ ದಾರಿ. ಒಂದು 4.5 ಮಿ.ಮೀ. ಗಾಳಿ ಪಿಸ್ತೂಲು, ಅಂದರೆ .177 ಇಂಚು. ಇನ್ನೊಂದು .22 ಲಾಂಗ್ ರೈಫಲ್ ತೋಟೆ ಹಾರಿಸುವ ಪಿಸ್ತೂಲು. ಸ್ಪರ್ಧೆಯ ಗಾಳಿ ಪಿಸ್ತೂಲಿನ ಪೆಲೆಟ್, ಅಂದರೆ ಪುಟ್ಟ ಸೀಸದ ಗುಂಡು, ಸುಮಾರು ಅರ್ಧ ಗ್ರಾಂ ತೂಗುತ್ತದೆ, ಸೆಕೆಂಡಿಗೆ 150 ಮೀಟರ್ ಆಸುಪಾಸಿನಲ್ಲಿ ಹೊರಡುತ್ತದೆ. ಲೆಕ್ಕ ಹಾಕಿದರೆ ಸುಮಾರು 6 ಜೂಲ್ ಶಕ್ತಿ. .22ರ ಗುಂಡು 2.6 ಗ್ರಾಂ, ವೇಗ ಸೆಕೆಂಡಿಗೆ 300 ಮೀಟರಿಗೂ ಮೇಲೆ, ಶಕ್ತಿ 100 ಜೂಲ್ ದಾಟುತ್ತದೆ. 9 ಮಿ.ಮೀ. ಪಿಸ್ತೂಲು 500 ಜೂಲ್ ಹತ್ತಿರ. ಅದು ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ನಿಷೇಧಿತ ಬೋರ್, ಆ ಮಾತೇ ಬೇಡ. ಹೊಸಬರ ಮಣಿಕಟ್ಟು ಎಷ್ಟು ಬೇಗ ಅಂಜುಬುರುಕ ಆಗುತ್ತದೆ ಎಂಬುದು ಈ ಅಂಕಿಗಳಲ್ಲೇ ಇದೆ.

ನನ್ನ ಅಭಿಪ್ರಾಯ ಖಚಿತ: ಸುರುವಿಗೆ ಗಾಳಿಯದ್ದೇ. ಸದ್ದು ಕಡಿಮೆ, ಹಿನ್ನೂಕು ಇಲ್ಲವೆಂದೇ ಹೇಳಬಹುದು. ಇನ್ನೂ ದೊಡ್ಡ ಕಾರಣವೊಂದಿದೆ. ಸ್ಪರ್ಧೆಯ ಗಾಳಿ ಪಿಸ್ತೂಲಿನಲ್ಲಿ ಡ್ರೈ ಫೈರ್ ವ್ಯವಸ್ಥೆ ಇರುತ್ತದೆ, ಪೆಲೆಟ್ ಇಲ್ಲದೆ ಸಾವಿರ ಸಲ ಟ್ರಿಗರ್ ಎಳೆಯಬಹುದು. .22 ರಿಮ್‌ಫೈರ್, ಅಂದರೆ ಪಿನ್ ತೋಟೆಯ ಅಂಚಿಗೆ ಬಡಿದು ಸಿಡಿಸುವ ಬಗೆ. ಅದರಲ್ಲಿ ಹಾಗೆ ಮಾಡಿದರೆ ಫೈರಿಂಗ್ ಪಿನ್ ಹೋಗಿ ತೋಟೆ ಕೂರುವ ಚೇಂಬರಿನ ಅಂಚಿಗೆ ಬಡಿಯಬಹುದು. ಅಂಚು ಜಜ್ಜಿದರೆ ತೋಟೆ ಸರಿಯಾಗಿ ಕೂರುವುದಿಲ್ಲ. ತಯಾರಕರ ಕೈಪಿಡಿ ಒಪ್ಪಿಗೆ ಕೊಡದಿದ್ದರೆ ಡಮ್ಮಿ, ಅಂದರೆ ಮದ್ದಿಲ್ಲದ ತೋಟೆ ಹಾಕದೆ ಎಳೆಯಬಾರದು. ಕಲಿಕೆಯ ಬಹುಪಾಲು ನಡೆಯುವುದೇ ಡ್ರೈ ಫೈರಿನಲ್ಲಿ.

ಗಾಳಿಯಿಂದ ಸುರು ಮಾಡಿದರೆ ಹಿಂದೆ ಬೀಳುತ್ತೇವೆ ಎಂಬ ಚಿಂತೆ ಕೆಲವರಿಗಿದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದದ್ದು ಇದೇ 10 ಮೀಟರ್ ಗಾಳಿ ಪಿಸ್ತೂಲಿನಲ್ಲಿ, ಅದೇ ಕೂಟದಲ್ಲಿ .22ರಿಂದ ಆಡುವ 25 ಮೀಟರ್ ಸ್ಪರ್ಧೆಯಲ್ಲಿ ನಾಲ್ಕನೆಯವರಾದರು. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ತಂದದ್ದೂ ಗಾಳಿ ಪಿಸ್ತೂಲಿನಲ್ಲೇ.

ಎರಡನೆಯದು: ಕಾಯಿದೆ

ನಮ್ಮ ಜಿಲ್ಲೆಗಳಲ್ಲಿ ಕೋವಿ ಹೊಸತಲ್ಲ. ಹಂದಿ, ಮಂಗನ ಕಾಟಕ್ಕೆ ಬೆಳೆ ರಕ್ಷಣೆಯ ಲೈಸೆನ್ಸ್ ಇಟ್ಟುಕೊಂಡ ಕೃಷಿಕರು ತುಂಬ ಮಂದಿ. ಚುನಾವಣೆ ಬಂತೆಂದರೆ ಕೋವಿ ಠಾಣೆಗೆ ಜಮಾ ಮಾಡುವುದೂ ಅವರಿಗೆ ರೂಢಿ. ಹಾಗಾಗಿ "ಮನೆಯಲ್ಲಿ ಕೋವಿ ಲೈಸೆನ್ಸ್ ಉಂಟಲ್ಲ, ಅದರಲ್ಲೇ ಆಗುದಿಲ್ವಾ?" ಎಂದು ಕೇಳುತ್ತಾರೆ. ಆಗುವುದಿಲ್ಲ. ಲೈಸೆನ್ಸಿನಲ್ಲಿ ಯಾವ ಆಯುಧ, ಯಾವ ಉದ್ದೇಶಕ್ಕೆ ಎಂದು ನಮೂದಾಗಿರುತ್ತದೆ. ಬೆಳೆ ರಕ್ಷಣೆಯ ಕೋವಿಯ ಕಾಗದ ಪಿಸ್ತೂಲಿಗೆ ನಡೆಯದು.

2016ರ ಆಯುಧ ನಿಯಮಗಳ ಪ್ರಕಾರ 4.5 ಮಿ.ಮೀ. ಮೀರದ ಬೋರ್, 20 ಜೂಲ್ ಮೀರದ ಶಕ್ತಿಯ ಗಾಳಿ ಆಯುಧಕ್ಕೆ ಲೈಸೆನ್ಸ್ ಬೇಡ. ಸ್ಪರ್ಧೆಯ ಗಾಳಿ ಪಿಸ್ತೂಲುಗಳೆಲ್ಲ ಈ ಮಿತಿಗಿಂತ ತುಂಬ ಕೆಳಗಿವೆ. ಕೊಳ್ಳುವಾಗ ಗುರುತಿನ ಮತ್ತು ವಿಳಾಸದ ದಾಖಲೆ ಕೊಟ್ಟು, ಬಿಲ್ಲು ಪಡೆದು, ಅದರ ಒಂದು ಪ್ರತಿಯನ್ನು ಪೆಟ್ಟಿಗೆಯಲ್ಲೇ ಇಡಿ. .22 ಎಂದರೆ ಪೂರ್ತಿ ಬಂದೂಕಿನ ಕಾನೂನು: ಮಂಗಳೂರು ನಗರದಲ್ಲಿ ಪೊಲೀಸ್ ಕಮಿಷನರ್ ಬಳಿ, ಉಡುಪಿ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿ ಬಳಿ ಅರ್ಜಿ, ವಯಸ್ಸು 21 ತುಂಬಿರಬೇಕು. ಅದಕ್ಕಿಂತ ಚಿಕ್ಕವರು ನಿಯಮ ಬಿಟ್ಟಷ್ಟು ಮಟ್ಟಿಗೆ, ರೇಂಜಿನಲ್ಲಿ, ಹಿರಿಯರ ಉಸ್ತುವಾರಿಯಲ್ಲಿ ಮಾತ್ರ ಅಭ್ಯಾಸ ಮಾಡಬಹುದು.

ಲೈಸೆನ್ಸ್ ಬೇಡ ಎಂದ ಮಾತ್ರಕ್ಕೆ ಬ್ಯಾಕ್‌ಪ್ಯಾಕಿನಲ್ಲಿ ಹಾಕಿಕೊಂಡು ಸಿಟಿ ಬಸ್ಸು ಹತ್ತಿಸಬೇಡಿ. ಮಂಗಳೂರಿನ ಹಂಪನಕಟ್ಟೆಯ ಜನಜಂಗುಳಿಯಲ್ಲಿ ಅದು ಗಾಳಿಯದ್ದೋ ಮದ್ದಿನದ್ದೋ ಎಂದು ಯಾರಿಗೂ ಗೊತ್ತಾಗದು. ಬೀಗ ಹಾಕಿದ ಗಟ್ಟಿ ಪೆಟ್ಟಿಗೆ, ಜೊತೆಗೆ ದೊಡ್ಡವರೊಬ್ಬರು. ನಮ್ಮಲ್ಲಿ ಇದಕ್ಕೆ ವಿನಾಯಿತಿ ಇಲ್ಲ.

ಮೂರನೆಯದು: ಯಾವ ಬಗೆಯ ಯಂತ್ರ

ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಸ್ಪ್ರಿಂಗ್ ಪಿಸ್ತೂಲುಗಳಿವೆ. ಕಾಕ್ ಮಾಡಲು, ಅಂದರೆ ಹೊಡೆಯಲು ಸಜ್ಜು ಮಾಡಲು, ಮಕ್ಕಳಿಗೆ ತಾಕತ್ತು ಸಾಲದು. ಒಳಗಿನ ಪಿಸ್ಟನ್ ಮುಂದೆ ನುಗ್ಗುವಾಗ ಪಿಸ್ತೂಲು ಎರಡು ಕಡೆಗೂ ಕುಲುಕುತ್ತದೆ. ಗುರಿ ಸರಿಯಿದ್ದರೂ ಪೆಲೆಟ್ ಬೇರೆ ಕಡೆ ಹೋದರೆ ಮಗು ಯಾವುದನ್ನು ತಿದ್ದಿಕೊಳ್ಳಬೇಕು? ಕಲಿಸಲು ಇದು ಬೇಡ.

ಸಿಂಗಲ್ ಸ್ಟ್ರೋಕ್ ಎಂಬ ಬಗೆಯದ್ದು ಬೇರೆ. ಪ್ರತಿ ಗುಂಡಿಗೆ ಒಂದು ಸಲ ಸನ್ನೆಕೋಲು ಎಳೆದು ಮುಚ್ಚಿದರೆ ಬೇಕಾದಷ್ಟು ಗಾಳಿ ತುಂಬಿಕೊಳ್ಳುತ್ತದೆ. ಸಿಲಿಂಡರ್ ಬೇಡ, ಪಂಪ್ ಬೇಡ. ರಷ್ಯದ ಬೈಕಲ್ ಐಝೆಡ್‌ಎಚ್-46ಎಂ ಈ ಜಾತಿಯದ್ದು. ಎಷ್ಟೋ ದೇಶಗಳಲ್ಲಿ ಒಂದು ಪೀಳಿಗೆ ಅದರಲ್ಲೇ ಕಲಿತಿದೆ. ನಿಖರತೆಗೆ ಕೊರತೆ ಇಲ್ಲ. ಆದರೆ ತೂಕ 1.3 ಕಿಲೋ ಹತ್ತಿರ, ಸನ್ನೆಯೂ ಗಟ್ಟಿ. ಹನ್ನೆರಡು ವರ್ಷದ ಮಗುವಿಗೆ ಇಪ್ಪತ್ತು ಗುಂಡಾಗುವಾಗ ಗುರಿ ಹಿಡಿಯುವ ಕೈಯೇ ದಣಿದಿರುತ್ತದೆ. ದೊಡ್ಡವರಿಗೆ, ಕಾಲೇಜಿನವರಿಗೆ ಅಡ್ಡಿಯಿಲ್ಲ. ಮಕ್ಕಳಿಗಾದರೆ ಕಲಿಸುವವರೇ ಕಾಕ್ ಮಾಡಿಕೊಡಬೇಕು.

ಮೊದಲೇ ತುಂಬಿಟ್ಟ ಗಾಳಿಯ ಪಿಸ್ತೂಲು, ಪಿಸಿಪಿ ಎನ್ನುವುದು, ಇವತ್ತಿನ ಸ್ಪರ್ಧೆಯ ಬಹುತೇಕ ಗಾಳಿ ಪಿಸ್ತೂಲುಗಳ ಬಗೆ. ಸಿಲಿಂಡರಿನಲ್ಲಿ 200 ಬಾರ್ ಒತ್ತಡ, ಒಮ್ಮೆ ತುಂಬಿದರೆ ನೂರಕ್ಕೂ ಹೆಚ್ಚು ಗುಂಡು. ಸ್ಟೇಯರ್, ಮೋರಿನಿ, ವಾಲ್ಥರ್, ಪಾರ್ದಿನಿ, ಫೈನ್‌ವರ್ಕ್‌ಬಾವ್ ಇವು ಹೆಸರಾದವು. ಬೆಲೆ ಲಕ್ಷ ದಾಟುತ್ತದೆ. ಹ್ಯಾಮರ್ಲಿ ಎಪಿ20ಯಂಥವು ಹಗುರ, ಅವುಗಳಿಗಿಂತ ಅಗ್ಗ, ಚಿಕ್ಕ ಕೈಗಳಿಗೆಂದೇ ಮಾಡಿದಂತಿವೆ. ನಾಲ್ಕಾರು ಮಂದಿ ಸೇರಿ ಒಂದೇ ಪಿಸ್ತೂಲು ಕೊಳ್ಳುವುದಾದರೆ ನನ್ನ ಆಯ್ಕೆ ಇಂಥ ಹಗುರ ಪಿಸಿಪಿ.

ಟ್ರಿಗರ್ ಯಾಂತ್ರಿಕವೋ ಎಲೆಕ್ಟ್ರಾನಿಕ್ಕೋ? ಮೋರಿನಿ ಸಿಎಂ 162 ಇಐಯಂಥ ಎಲೆಕ್ಟ್ರಾನಿಕ್ ಟ್ರಿಗರ್ ಬೆರಳಿಗೆ ಬೆಣ್ಣೆಯಂತಿರುತ್ತದೆ. ಆದರೆ ನಮ್ಮ ಊರಿನಲ್ಲಿ ಸ್ಪರ್ಧೆಯ ಪಿಸ್ತೂಲು ಬಿಚ್ಚಿ ರಿಪೇರಿ ಮಾಡುವವರು ಸಿಗುವುದು ಕಷ್ಟ, ಬೆಂಗಳೂರಿಗೋ ಅದರಾಚೆಗೋ ಕಳಿಸಬೇಕು. ಟೋಕಿಯೊ ಒಲಿಂಪಿಕ್ಸ್‌ನ ಅರ್ಹತಾ ಸುತ್ತಿನಲ್ಲಿ ಮನು ಭಾಕರ್ ಅವರ ಪಿಸ್ತೂಲೇ ಕೈಕೊಟ್ಟು, ಅಮೂಲ್ಯ ನಿಮಿಷಗಳು ಹೋಗಿ, ಫೈನಲ್ ತಪ್ಪಿತ್ತು. ಆ ಮಟ್ಟದಲ್ಲೇ ಹಾಗಾಗುತ್ತದೆ ಎಂದಾದರೆ ಹತ್ತು ಕೈ ಬದಲಾಗುವ ಕಲಿಕೆಯ ಪಿಸ್ತೂಲಿಗೆ ಯಾಂತ್ರಿಕ ಟ್ರಿಗರೇ ಸರಿ. ಊರಿನ ಬೇರೆ ಶೂಟರ್‌ಗಳ ಬಳಿ ಇರುವ ಮಾಡೆಲನ್ನೇ ತಗೊಳ್ಳಿ. ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ, ಓ-ರಿಂಗ್, ಒಂದು ಹೋದಾಗ ಈ ಮಾತಿನ ಬೆಲೆ ಗೊತ್ತಾಗುತ್ತದೆ.

ನಾಲ್ಕನೆಯದು: ಕೈ

ಇಲ್ಲಿ ಅವಸರ ಬೇಡ. ಪಿಸ್ತೂಲಿನ ಮರದ ಹಿಡಿಕೆ ಬಲಗೈ-ಎಡಗೈಗೆ ಬೇರೆ ಬೇರೆ, ಜೊತೆಗೆ ಎಕ್ಸ್‌ಎಸ್‌ನಿಂದ ಎಲ್‌ವರೆಗೆ ಅಳತೆಗಳು. ಚಪ್ಪಲಿ ಕೊಂಡಂತೆ "ಬೆಳೆಯುವ ಮಗು, ದೊಡ್ಡದೇ ಇರಲಿ" ಎಂದು ಕೊಳ್ಳುವವರು ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ನೋಡುವ ಕ್ರಮ ಹೀಗೆ. ಪಿಸ್ತೂಲು ಖಾಲಿ ಎಂದು ಕಣ್ಣಾರೆ ಕಂಡ ಮೇಲೆ, ನಳಿಗೆಯನ್ನು ಗುರಿಯ ಗೋಡೆಯ ಕಡೆಗೇ ಇಟ್ಟು, ಎಡಗೈಯಿಂದ ಪಿಸ್ತೂಲನ್ನು ಹಿಡಿದು ಬಲಗೈಯ ಹೆಬ್ಬೆರಳು-ತೋರುಬೆರಳಿನ ಕವಲಿಗೆ ಒತ್ತಿ ಕೂರಿಸಿ. ಆಮೇಲೆ ಮೂರು ಬೆರಳು ಸುತ್ತಿ. ಈಗ ತೋರುಬೆರಳನ್ನು ನೋಡಿ: ಅದರ ಮೊದಲ ಗೆಣ್ಣಿನ ಮೆತ್ತೆ ಟ್ರಿಗರಿನ ಮೇಲೆ ನೇರ ಕೂರಬೇಕು, ಬೆರಳಿಗೂ ಹಿಡಿಕೆಯ ಮರಕ್ಕೂ ನಡುವೆ ಒಂದು ಪೋಸ್ಟ್‌ಕಾರ್ಡ್ ತೂರುವಷ್ಟು ಜಾಗ ಇರಬೇಕು. ಬೆರಳು ಮರಕ್ಕೆ ಒರಗಿದ್ದರೆ ಎಳೆಯುವಾಗಲೆಲ್ಲ ಪಿಸ್ತೂಲು ಪಕ್ಕಕ್ಕೆ ನೂಕಲ್ಪಡುತ್ತದೆ. ಬೆರಳ ತುದಿ ಮಾತ್ರ ತಾಗುತ್ತಿದ್ದರೆ ಹಿಡಿಕೆ ದೊಡ್ಡದಾಯಿತು.

ಇನ್ನೊಂದು ಪರೀಕ್ಷೆ ನನಗೆ ತುಂಬ ನೆಚ್ಚಿನದು. ಮಗು ಕಣ್ಣು ಮುಚ್ಚಿ ಕೈ ಎತ್ತಲಿ, ಒಂದು ಉಸಿರು ತೆಗೆದು ಕಣ್ಣು ತೆರೆಯಲಿ. ಮುಂದಿನ ಸೈಟ್, ಅಂದರೆ ನಳಿಗೆಯ ತುದಿಯ ಗುರಿಕಂಬ, ಹಿಂದಿನ ಸೈಟಿನ ಕಚ್ಚಿನ ನಡುವೆ ತಾನಾಗಿ ಬಂದಿದ್ದರೆ ಹಿಡಿಕೆ ಹೊಂದಿದೆ. ಪ್ರತಿ ಸಲವೂ ಎಡಕ್ಕೋ ಬಲಕ್ಕೋ ವಾಲಿದ್ದರೆ ಆ ಹಿಡಿಕೆ ಮಣಿಕಟ್ಟನ್ನು ತಿರುಚುತ್ತಿದೆ. ಕಳೆದ ವರ್ಷ ಸುರತ್ಕಲ್ ಕಡೆಯ ಹುಡುಗಿಯೊಬ್ಬಳು ಎರಡು ತಿಂಗಳು ಇದೇ ತೊಂದರೆಯಲ್ಲಿ ಒದ್ದಾಡಿದಳು. "ಸರ್, ನಾನು ನೇರವೇ ಹಿಡಿತೇನೆ, ಅದೇ ತಿರುಗ್ತದೆ" ಎನ್ನುತ್ತಿದ್ದಳು. ಹೌದು, ಅವಳ ಮಾತೇ ನಿಜವಾಗಿತ್ತು. ಅಂಗೈಯ ಬುಡದ ಬಳಿ ಮರ ಉಬ್ಬಿತ್ತು. ಮರಳು ಕಾಗದ ಹಿಡಿದು, ಒಂದು ದಿನಕ್ಕೆ ಹತ್ತೇ ಉಜ್ಜು ಎಂಬ ಲೆಕ್ಕದಲ್ಲಿ ಸವೆಸಿದೆವು. ಮೂರನೆಯ ವಾರದಲ್ಲಿ ಸೈಟ್ ನಡುವೆ ನಿಂತಿತು. ಮರ ತೆಗೆಯುವುದು ಸುಲಭ, ಹಾಕುವುದು ಕಷ್ಟ. ಖಾಲಿ ಬಿದ್ದ ಜಾಗಕ್ಕೆ ಮರದ ಪುಟ್ಟಿ ತುಂಬಬಹುದು, ಆದರೆ ಹತ್ತು ಮಂದಿ ಬಳಸುವ ಪಿಸ್ತೂಲಿನಲ್ಲಿ ಒಬ್ಬರ ಅಂಗೈಗೆ ಕೆತ್ತಬೇಡಿ. ಅಂಥ ಪಿಸ್ತೂಲಿಗೆ ಅಂಗೈ ಆನಿಸುವ ತಳದ ಪಟ್ಟಿಯನ್ನು ಮೇಲೆ-ಕೆಳಗೆ ಸರಿಸಲು ಬರುವ ಚಿಕ್ಕ ಹಿಡಿಕೆಯೇ ಒಳ್ಳೆಯದು. ದೊಡ್ಡ ಕೈ ಚಿಕ್ಕ ಹಿಡಿಕೆಯಲ್ಲಿ ಹೇಗೋ ಸುಧಾರಿಸಿಕೊಳ್ಳುತ್ತದೆ, ಚಿಕ್ಕ ಕೈ ದೊಡ್ಡದರಲ್ಲಿ ಸೋಲುತ್ತದೆ.

ಯಾವ ಕೈ ಎಂದು ನಿರ್ಧರಿಸುವ ಮೊದಲು ಕಣ್ಣು ಪರೀಕ್ಷಿಸಿ. ಎರಡೂ ಅಂಗೈ ಚಾಚಿ ನಡುವೆ ಚಿಕ್ಕ ಕಿಂಡಿ ಮಾಡಿ, ಅದರೊಳಗಿಂದ ಗೋಡೆಯ ಗಡಿಯಾರ ನೋಡಲು ಹೇಳಿ. ಒಂದೊಂದೇ ಕಣ್ಣು ಮುಚ್ಚಿದಾಗ ಯಾವ ಕಣ್ಣಿಗೆ ಗಡಿಯಾರ ಉಳಿಯುತ್ತದೋ ಅದೇ ಪ್ರಬಲ ಕಣ್ಣು. ಬಲಗೈ-ಎಡಗಣ್ಣಿನ ಮಕ್ಕಳಿರುತ್ತಾರೆ. ಪಿಸ್ತೂಲಿನಲ್ಲಿ ಅದು ದೊಡ್ಡ ಅಡ್ಡಿಯಲ್ಲ, ತಲೆಯನ್ನು ಸ್ವಲ್ಪ ತಿರುಗಿಸಿ ನಿಂತರೆ ಸರಿಹೋಗುತ್ತದೆ. ಮೊದಲೇ ಗೊತ್ತಿದ್ದರೆ ಆಯಿತು.

ಐದನೆಯದು: ತೂಕ

10 ಮೀಟರ್ ಗಾಳಿ ಪಿಸ್ತೂಲಿನ ತೂಕ 1500 ಗ್ರಾಂ ಮೀರಬಾರದು ಎಂಬುದು ಅಂತರರಾಷ್ಟ್ರೀಯ ನಿಯಮ. ಅದು ಗರಿಷ್ಠ ಮಿತಿ, ಅಷ್ಟೇ ಇರಬೇಕೆಂದಲ್ಲ. ಕೊಳ್ಳುವ ಮೊದಲು ಒಂದು ಲೀಟರ್ ನೀರಿನ ಬಾಟಲಿ ತುಂಬಿಸಿ ಕೊಡಿ, ಒಂದು ಕಿಲೋ ಆಯಿತು. ಭುಜದ ಎತ್ತರಕ್ಕೆ ಒಂದೇ ಕೈಯಲ್ಲಿ ಚಾಚಿ ಹದಿನೈದು ಸೆಕೆಂಡು ನಿಲ್ಲಲಿ, ಒಂದು ನಿಮಿಷ ಬಿಡುವು, ಹೀಗೆ ಹತ್ತು ಸಲ. ಹತ್ತನೆಯದಕ್ಕೂ ಸೊಂಟ ಹಿಂದೆ ಬಾಗದಿದ್ದರೆ ಒಂದು ಕಿಲೋ ಪಿಸ್ತೂಲು ಸಾಕು. ಐದಕ್ಕೇ ಬಾಗಿದರೆ ಬಾಟಲಿ ಮುಕ್ಕಾಲು ಮಾಡಿ. ಮೊದಲ ತಿಂಗಳು ಮರಳು ಚೀಲದ ಮೇಲೆ ಪಿಸ್ತೂಲಿನ ಹಿಡಿಕೆ ಆನಿಸಿಯೇ ಕಲಿಯಲಿ. ಮುಂದಿನ ತುದಿ ಭಾರವಾದ ಪಿಸ್ತೂಲು ನಿಧಾನ ತೂಗಾಡುತ್ತದೆ ಎಂದು ಹಳಬರು ಇಷ್ಟಪಡುತ್ತಾರೆ. ಹೊಸಬರಿಗೆ ತೂಕ ಅಂಗೈಯ ಮೇಲೇ ಇರುವುದು ಲೇಸು.

ರಕ್ಷಣೆಗೆಂದು ಮಾಡಿದ ಹಗುರ ರಿವಾಲ್ವರನ್ನು, ಉದಾಹರಣೆಗೆ 2014ರಲ್ಲಿ ಕಾನ್ಪುರದಿಂದ ಬಂದ ಅರ್ಧ ಕಿಲೋದ .32 ನಿರ್ಭೀಕ್, "ಚಿಕ್ಕದು, ಹುಡುಗಿಯರಿಗೆ ಸುಲಭ" ಎಂದು ಕಲಿಸಲು ಬಳಸಬೇಡಿ. ಆಯುಧ ಹಗುರವಾದಷ್ಟೂ ಹಿನ್ನೂಕು ಕೈಗೆ ಹೆಚ್ಚು.

ಆರನೆಯದು: ಟ್ರಿಗರ್

ಗಾಳಿ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಂ ಭಾರ ತಡೆಯಬೇಕು; .22ರ 25 ಮೀಟರ್ ಸ್ಪೋರ್ಟ್ಸ್ ಪಿಸ್ತೂಲಿಗೆ 1000 ಗ್ರಾಂ. ಪರೀಕ್ಷಿಸುವುದು ಸರಳ: ಪಿಸ್ತೂಲು ಕಾಕ್ ಮಾಡಿ, ನಳಿಗೆ ನೆಟ್ಟಗೆ ಮೇಲಕ್ಕೆ ಮಾಡಿ, ಅರ್ಧ ಕಿಲೋ ತೂಕವನ್ನು ಟ್ರಿಗರಿಗೆ ತೂಗುಹಾಕಿ ಎತ್ತಿದಾಗ ಅದು ಬಿಡಬಾರದು.

ಎರಡು ಹಂತದ ಟ್ರಿಗರೇ ಬೇಕು. ಮೊದಲ ಹಂತದಲ್ಲಿ ಬೆರಳು ಸ್ವಲ್ಪ ದೂರ ಹಿಂದೆ ಬಂದು ಒಂದು ಗೋಡೆಗೆ ತಾಗಿದಂತೆ ನಿಲ್ಲುತ್ತದೆ. ಅಲ್ಲಿಂದ ಇನ್ನು ನೂರು-ನೂರೈವತ್ತು ಗ್ರಾಂ ಒತ್ತಿದರೆ ಬಿಡುತ್ತದೆ. ಆ ಗೋಡೆ ಹೊಸಬರಿಗೆ ಸ್ಪಷ್ಟವಾಗಿ ತಿಳಿಯಬೇಕು. ಅಂಗಡಿಯಲ್ಲಿ ಕೇಳುವಾಗ ಎಷ್ಟು ಸ್ಕ್ರೂಗಳಿವೆ, ಮೊದಲ ಹಂತದ ಉದ್ದ, ಎರಡನೆಯದರ ಭಾರ, ಬಿಟ್ಟ ಮೇಲಿನ ತಡೆ ಇವು ಬೇರೆ ಬೇರೆಯಾಗಿ ಹೊಂದಿಸಲು ಬರುತ್ತವೆಯೇ ಎಂದು ಕೇಳಿ. ಬೆರಳು ಚಿಕ್ಕದಾದರೆ ಟ್ರಿಗರಿನ ಅಲಗನ್ನು ಹಿಂದೆ ಸರಿಸಲು ಬರಬೇಕು.

ಸೈಟಿನ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಹಿಂದಿನ ಕಚ್ಚು ಅಗಲ ಮಾಡಲು ಬರಲಿ. ಮುಂದಿನ ಕಂಬದ ಎರಡೂ ಬದಿಗೆ ಬೆಳಕು ಧಾರಾಳ ಕಾಣಲಿ. ಮೊದಲ ವಾರಗಳಲ್ಲಿ ಖಾಲಿ ಬಿಳಿ ಹಾಳೆಗೇ ಹೊಡೆಸಿ. ಸ್ಪರ್ಧೆಯ ಹಾಳೆಯಲ್ಲಿ ಹತ್ತರ ವೃತ್ತ ಬರೇ 11.5 ಮಿ.ಮೀ.; ಅದನ್ನು ನೋಡಿದ ಕಣ್ಣು ಸೈಟ್ ಬಿಟ್ಟು ಅಲ್ಲಿಗೇ ಓಡುತ್ತದೆ.

ಏಳನೆಯದು: ಹಳೆಯದು ಕೊಳ್ಳುವಾಗ

ಬಳಸಿದ ಪಿಸಿಪಿ ಕೊಳ್ಳುವುದು ಬುದ್ಧಿವಂತಿಕೆಯೇ, ಒಂದು ಷರತ್ತಿನ ಮೇಲೆ. ಸಿಲಿಂಡರಿನ ಮೈಮೇಲೆ ತಾರೀಕು ಇರುತ್ತದೆ, ಆಯಸ್ಸು ಸಾಮಾನ್ಯವಾಗಿ 10 ವರ್ಷ. ನಾವೊಮ್ಮೆ ಅದನ್ನು ಓದದೆ ಕೊಂಡೆವು. ಅವಧಿ ಮುಗಿದ ಸಿಲಿಂಡರನ್ನು ಸ್ಪರ್ಧೆಯಲ್ಲಿ ಬಿಡುವುದಿಲ್ಲ, ಮಕ್ಕಳ ಮುಖದ ಹತ್ತಿರ 200 ಬಾರ್ ಇಟ್ಟುಕೊಳ್ಳಲು ನಮಗೂ ಧೈರ್ಯ ಇಲ್ಲ. ಹೊಸ ಸಿಲಿಂಡರಿನ ಖರ್ಚು ಸೇರಿದಾಗ ಅಗ್ಗ ಎನಿಸಿದ್ದು ಅಗ್ಗವಾಗಿ ಉಳಿಯಲಿಲ್ಲ. ತಾರೀಕು ನೋಡಿ, ಗಾಳಿ ತುಂಬಿಸಿ ಒಂದು ರಾತ್ರಿ ಇಟ್ಟು ಒತ್ತಡ ತೋರಿಸುವ ಮುಳ್ಳು ಇಳಿಯುತ್ತದೆಯೇ ನೋಡಿ, ಆಮೇಲೆ ಹಣ ಕೊಡಿ.

ಎಂಟನೆಯದು: ಕರಾವಳಿಯ ಗಾಳಿ

ಹೊರಗಿನ ಯಾವ ಕೈಪಿಡಿಯಲ್ಲೂ ಸಿಗದ ಭಾಗ ಇದು. ಕಡಲಿನ ಉಪ್ಪು, ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಮಳೆ: ನಮ್ಮಲ್ಲಿ ಬೀಗದ ಕೈಗೇ ತುಕ್ಕು ಹಿಡಿಯುತ್ತದೆ. ಪಿಸ್ತೂಲಿನ ಜೊತೆ ಬರುವ ಸ್ಪಂಜಿನ ಪೆಟ್ಟಿಗೆ ಪ್ರಯಾಣಕ್ಕೆ ಮಾತ್ರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದರಲ್ಲೇ ಬಿಟ್ಟರೆ ಸ್ಪಂಜು ಪಸೆ ಹೀರಿ, ತಾಗಿದ ಕಡೆಯಲ್ಲೆಲ್ಲ ಕೆಂಪು ಚುಕ್ಕೆ ಎಬ್ಬಿಸುತ್ತದೆ. ಗಾಳಿಯಾಡದ ಡಬ್ಬ, ಸಿಲಿಕಾ ಜೆಲ್, ತಿಂಗಳಿಗೊಮ್ಮೆ ಆ ಜೆಲ್ ಬಿಸಿಮಾಡಿ ಒಣಗಿಸುವುದು, ಇಷ್ಟು ಸಾಕು.

ಕೈಪಂಪಿನಲ್ಲಿ ಗಾಳಿ ತುಂಬುವವರು ಇನ್ನೂ ಎಚ್ಚರ ವಹಿಸಬೇಕು. ಮಳೆಗಾಲದ ಗಾಳಿಯನ್ನು 200 ಬಾರ್‌ಗೆ ಒತ್ತಿದರೆ ಅದರೊಳಗಿನ ಪಸೆ ನೀರಾಗಿ ಸಿಲಿಂಡರಿಗೆ ಇಳಿಯುತ್ತದೆ. ನೀರು ತಡೆಯುವ ಫಿಲ್ಟರ್ ಇರುವ ಪಂಪ್ ಬೇಕು, ಇಲ್ಲವಾದರೆ ಒಣಗಾಳಿ ತುಂಬಿಸಿದ ಡೈವಿಂಗ್ ಸಿಲಿಂಡರಿನಿಂದ ತುಂಬಿಸಿಕೊಳ್ಳಿ. ತೆಂಗಿನೆಣ್ಣೆ ಹಚ್ಚಬೇಡಿ. ಮನೆಯಲ್ಲಿ ಎಲ್ಲದಕ್ಕೂ ಅದೇ ಮದ್ದು ಎಂಬ ಅಭ್ಯಾಸ ನಮಗುಂಟು, ಆದರೆ ಅದು ದಿನ ಹೋದಂತೆ ಅಂಟಾಗಿ ಟ್ರಿಗರಿನ ಸಂದುಗಳಲ್ಲಿ ಕೂರುತ್ತದೆ. ಒತ್ತಡದ ಸೀಲುಗಳಿಗೆ ತಯಾರಕರು ಹೇಳಿದ ಸಿಲಿಕೋನ್ ಗ್ರೀಸ್ ಬಿಟ್ಟು ಬೇರೇನೂ ಬೇಡ. ಆಡಿದ ಮೇಲೆ ಬೆವರಿನ ಕೈ ತಾಗಿದಲ್ಲೆಲ್ಲ ಒಣಬಟ್ಟೆಯಿಂದ ಒರೆಸಿ.

ಮೊದಲ ದಿನ

ಪಿಸ್ತೂಲು ಬಂದ ದಿನವೇ ಒಂದು ಸೇಫ್ಟಿ ಫ್ಲ್ಯಾಗ್ ಮಾಡಿಕೊಳ್ಳಿ. ಅಡಿಕೆ ತೋಟ ಇರುವವರ ಮನೆಯಲ್ಲಿ ಹುಲ್ಲು ಕೊಚ್ಚುವ ಯಂತ್ರದ ಕಿತ್ತಳೆ ಬಣ್ಣದ ನೈಲಾನ್ ದಾರ ಇದ್ದೇ ಇರುತ್ತದೆ. ನಳಿಗೆಯ ಪೂರ್ತಿ ಉದ್ದ ದಾಟಿ ಎರಡೂ ತುದಿ ಹೊರಗೆ ಕಾಣುವಷ್ಟು ಕತ್ತರಿಸಿ ತೂರಿಸಿ. ದಾರ ಕಂಡರೆ ನಳಿಗೆ ಖಾಲಿ ಎಂದು ಕೋಣೆಯ ಆ ತುದಿಯಲ್ಲಿರುವವರಿಗೂ ಗೊತ್ತಾಗುತ್ತದೆ. ನಳಿಗೆ ಸದಾ ಗುರಿಯ ಕಡೆಗೆ, ಹೊಡೆಯುವ ಕ್ಷಣದವರೆಗೆ ಬೆರಳು ಟ್ರಿಗರಿನ ಹೊರಗೆ, ಕಣ್ಣಿಗೆ ಕನ್ನಡಕ, ಪೆಲೆಟ್ ಸೀಸದ್ದಾದ್ದರಿಂದ ತಿಂಡಿ ಮುಟ್ಟುವ ಮೊದಲು ಸೋಪು ಹಾಕಿ ಕೈತೊಳೆಯುವುದು. ಇದನ್ನು ಮಕ್ಕಳ ಬಾಯಿಂದಲೇ ಹೇಳಿಸಿ.

.22 ಯಾವಾಗ?

ಗಾಳಿ ಪಿಸ್ತೂಲಿನಲ್ಲಿ ಗುಂಡು ಹೊರಟ ಮೇಲೂ ಒಂದೆರಡು ಸೆಕೆಂಡು ಕೈ ಇಳಿಸದೆ, ಸೈಟ್ ಎಲ್ಲಿತ್ತು ಎಂದು ಹಾಳೆ ನೋಡುವ ಮೊದಲೇ ಹೇಳಬಲ್ಲವರು .22ಕ್ಕೆ ತಯಾರು. ನಮ್ಮಲ್ಲಿ ಇದಕ್ಕೆ ಕೆಲವರಿಗೆ ಆರು ತಿಂಗಳು, ಕೆಲವರಿಗೆ ಎರಡು ವರ್ಷ ಹಿಡಿದಿದೆ. .22 ಪಿಸ್ತೂಲನ್ನು ಸ್ವಂತಕ್ಕೆ ಕೊಳ್ಳುವ ಆತುರ ಬೇಡ. ಆಮದಿನ ಅನುಮತಿ ಕ್ರೀಡಾ ಸಾಧನೆಗೆ ತಳುಕು ಹಾಕಿಕೊಂಡಿದೆ, ಮೊದಲು ಕ್ಲಬ್ಬಿನದ್ದರಲ್ಲೇ ಆಡಿ. ಪಾರ್ದಿನಿ ಎಸ್‌ಪಿ, ವಾಲ್ಥರ್ ಜಿಎಸ್‌ಪಿ, ಹಳೆಯ ಹ್ಯಾಮರ್ಲಿ 208 ಇವುಗಳಲ್ಲಿ ಯಾವುದು ಸಿಕ್ಕಿದರೂ ಕೈ, ಟ್ರಿಗರ್, ತೂಕದ ಪರೀಕ್ಷೆ ಮೇಲೆ ಹೇಳಿದ್ದೇ. ತೋಟೆ ನಿಧಾನ ವೇಗದ್ದು, ಸ್ಟ್ಯಾಂಡರ್ಡ್ ವೆಲಾಸಿಟಿ ಎನ್ನುವುದು, ಇರಲಿ. ಕಿವಿಗೆ ಒಳಗೆ ಪ್ಲಗ್, ಮೇಲೆ ಮಫ್, ಎರಡೂ.

ಮೊದಲ ದಿನ ಮ್ಯಾಗಜಿನ್ನಿಗೆ ಒಂದೇ ತೋಟೆ. ಎರಡು ವಾರ ಕಳೆದ ಮೇಲೆ ಐದು ತುಂಬಿಸಿ, ಆದರೆ ಹೊಡೆಯುವವರಿಗೆ ಕಾಣದಂತೆ ನಡುವೆ ಎರಡು ಡಮ್ಮಿ ಸೇರಿಸಿ. ಡಮ್ಮಿ ಬಂದಾಗ ಸದ್ದು ಬರುವುದಿಲ್ಲ, ಹಿನ್ನೂಕು ಇರುವುದಿಲ್ಲ. ಮಣಿಕಟ್ಟು ಏನು ಮಾಡಿತು ಎಂಬುದು ಬತ್ತಲೆಯಾಗಿ ಕಾಣುತ್ತದೆ. ಸೈಟ್ ಕೆಳಗೆ ಕುಸಿದರೆ ಬೈಯಬೇಡಿ, ಮತ್ತೆ ಎರಡು ವಾರ ಗಾಳಿ ಪಿಸ್ತೂಲಿಗೆ ಮರಳಿ. ಅಕ್ಕನ ಮಗಳು ಈ ಪರೀಕ್ಷೆಗೆ ನಿಂತ ದಿನ ನಾನು ಅವಳ ಪಕ್ಕದಲ್ಲೇ ಇದ್ದೆ. ಮೂರನೆಯ ಸಲಕ್ಕೆ ಡಮ್ಮಿ ಬಂತು, ಪಿನ್ನಿನ ಟಿಕ್ ಎಂಬ ಸದ್ದು ಮಾತ್ರ ಕೇಳಿತು. ಮುಂದಿನ ಸೈಟ್ ಇದ್ದಲ್ಲೇ ಇತ್ತು. ಅವಳು ಕೈ ಇಳಿಸದೆಯೇ, "ಮಾಮ, ಇದರಲ್ಲಿ ಗುಂಡಿರಲಿಲ್ಲ ಅಲ್ವಾ?" ಎಂದು ಕೇಳಿದಳು.